ಸಿಂಬಿ ದಪ್ಪ ಮಾಡಿದರೆ ಕುತ್ತಿಗೆ ಗಟ್ಟಿಯಾಗುವುದಿಲ್ಲ

ಹೋದ ಮಳೆಗಾಲದಲ್ಲಿ ಬೈಲಹೊಂಗಲ ಕಡೆಯ ಹುಡುಗನೊಬ್ಬ ಎರಡು ಹಳೆ ಕಮಾನು ಪಟ್ಟಿ, ಅಂದರೆ ಗಾಡಿಯ ಕೆಳಗೆ ಸ್ಪ್ರಿಂಗಾಗಿ ಕೂರುವ ಉಕ್ಕಿನ ಪಟ್ಟಿ, ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಯಾವುದೋ ದೊಡ್ಡ ಲಾರಿಯವು, ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡದ್ದು. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾದ ಮಾಪ್ಸಾ ಮಾರ್ಕೆಟ್ಟಿಗೆ ತರಕಾರಿ ತರುವ ಪಿಕಪ್ ಅವನದು.

"ಕಾಕಾ, ಹಿಂದ ಈ ಎರಡೂ ಪಟ್ಟಿ ಸೇರಿಸಿ ಕೊಡ್ರಿ. ಗಾಡಿ ಭಾಳ ಕೂಡತೈತಿ."

"ಎಷ್ಟ ಚೀಲ ಹಾಕ್ತೀಯೋ?"

"ಉಳ್ಳಾಗಡ್ಡಿ ಇದ್ರ ನಲವತ್ತೈದು. ಪಟ್ಟಿ ಹಾಕಿದ್ರ ಐವತ್ತು ಹಾಕಬಹುದಲ್ರಿ?"

ಡಿಚೋಲಿ ರಸ್ತೆಯ ನನ್ನ ಈ ಪಟ್ಟಿ ಕೆಲಸದ ಶೆಡ್ಡಿನಲ್ಲಿ ಕೂತು ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ. ಕನ್ನಡದಲ್ಲಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ. ಪಟ್ಟಿ ಅನ್ನಿ, ಪಾಟಾ ಅನ್ನಿ, ಕೇಳುವುದು ಒಂದೇ: ಇನ್ನೆರಡು ಸೇರಿಸಿದರೆ ಇನ್ನೆಷ್ಟು ಹೇರಬಹುದು?

ಒಂದು ಕಿಲೋನೂ ಜಾಸ್ತಿ ಹೇರುವಂತಿಲ್ಲ. ಹೀಗೆಂದರೆ ಗಿರಾಕಿ ನಗುತ್ತಾನೆ. ಪಟ್ಟಿ ಹಾಕಿಸಿದ ಮೇಲೆ ಗಾಡಿ ಹಿಂದೆ ಎತ್ತರ ನಿಂತಿರುವುದು ಕಣ್ಣಿಗೆ ಕಾಣುತ್ತದಲ್ಲ, ಮುದುಕನ ಮಾತು ಯಾಕೆ ನಂಬಬೇಕು!

ನಮ್ಮೂರ ಹಮಾಲರು ಮೂಟೆ ಹೊರುವಾಗ ತಲೆ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಾರೆ. ಸಿಂಬಿ ಇದ್ದರೆ ತಲೆ ನೋಯುವುದಿಲ್ಲ, ಮೂಟೆ ಅಲ್ಲಾಡುವುದಿಲ್ಲ. ಹಾಗೆಂದು ಸಿಂಬಿಯನ್ನು ಎರಡು ಪಟ್ಟು ದಪ್ಪ ಸುತ್ತಿ ಎರಡು ಮೂಟೆ ಹೊರಲು ಹೋದವರನ್ನು ನಾನು ಕಂಡಿಲ್ಲ. ಭಾರ ಕೊನೆಗೆ ಬೀಳುವುದು ಕುತ್ತಿಗೆಯ ಮೇಲೆ, ಮೊಣಕಾಲಿನ ಮೇಲೆ. ಕಮಾನು ಪಟ್ಟಿ ಗಾಡಿಯ ಸಿಂಬಿ. ಚೀಲದ ಭಾರ ಗಾಡಿಯ ಚೌಕಟ್ಟಾದ ಚಾಸಿಗೆ, ಚಾಸಿಯಿಂದ ಪಟ್ಟಿಗೆ, ಪಟ್ಟಿಯಿಂದ ಆಕ್ಸಲ್‌ಗೆ, ಬೇರಿಂಗಿಗೆ, ಟಯರಿಗೆ ಇಳಿಯುತ್ತದೆ. 50 ಕಿಲೋದ ನಲವತ್ತೈದು ಚೀಲ ಅಂದರೆ 2,250 ಕಿಲೋ. ಐದು ಪಟ್ಟಿ ಇದ್ದರೂ ಒಂಬತ್ತಿದ್ದರೂ ಆ ಭಾರದಲ್ಲಿ ಆಕ್ಸಲ್‌ಗೆ, ಟಯರಿಗೆ ಬರುವ ಪಾಲು ಅಷ್ಟೇ. ಮೊದಲು ಗಾಡಿ ಕೂತು "ಸಾಕಪ್ಪಾ" ಅನ್ನುತ್ತಿತ್ತು. ಪಟ್ಟಿ ಸೇರಿಸಿ ನೀವು ಅದರ ಬಾಯಿ ಮುಚ್ಚಿಸುತ್ತೀರಿ, ಅಷ್ಟೇ.

ಹುಡುಗನದು 1.7 ಟನ್ನಿನ ಗಾಡಿ. ಆ 1.7 ಟನ್ನೂ ಪೂರ್ತಿ ಚೀಲಕ್ಕೇ ಸಿಗುತ್ತದೆ ಅಂದುಕೊಳ್ಳಬೇಡಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ಕ್ಲೀನರ್, ತಾಡಪತ್ರಿ, ಹಗ್ಗ, ಮೇಲಿಂದ ಕಟ್ಟಿಸಿದ ಕಬ್ಬಿಣದ ಜಾಲರಿ, ಎಲ್ಲ ಸೇರಬೇಕು. ಅನುಮಾನವಿದ್ದರೆ ಕಾಟಾ ಹಾಕಿಸಿ ಗಾಡಿ ತೂಗಿಸಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ಪಟ್ಟಿ ಎಷ್ಟು ಹಾಕಿಸಿದ್ದೀರಿ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು, ಇದನ್ನು ಓದುವಾಗಲಾದರೂ ಫೋನ್ ಕೆಳಗಿಡಿ. ಬಹಳಷ್ಟು ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ವಾಲ್ವ್ ಚಾಸಿಗೆ ಕೂತಿರುತ್ತದೆ, ಅದರಿಂದ ಒಂದು ಕಡ್ಡಿ ಆಕ್ಸಲ್‌ಗೆ ಹೋಗಿರುತ್ತದೆ. ಲೋಡ್ ಬಿದ್ದಾಗ ಚಾಸಿ ಆಕ್ಸಲ್ ಹತ್ತಿರ ಇಳಿಯುತ್ತದೆ, ಕಡ್ಡಿ ಸರಿಯುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಹೋಗುತ್ತದೆ. ಖಾಲಿ ಇದ್ದಾಗ ಹಿಂದಿನ ಗಾಲಿ ಜಾಮಾಗಿ ಗಾಡಿ ಅಡ್ಡ ತಿರುಗಬಾರದೆಂದು ಒತ್ತಡ ಕಡಿಮೆ ಮಾಡುತ್ತದೆ. ವಾಲ್ವಿಗೆ ತೂಕ ಗೊತ್ತಿಲ್ಲ, ಎತ್ತರ ಮಾತ್ರ ಗೊತ್ತು. ನೀವು ದಪ್ಪ ಪಟ್ಟಿ ಹಾಕಿಸಿ ಎರಡು ಟನ್ ಹೇರಿದರೂ ಚಾಸಿ ಇಳಿಯದಿದ್ದರೆ ಗಾಡಿ ಖಾಲಿ ಇದೆ ಎಂದೇ ಅದು ತಿಳಿಯುತ್ತದೆ. ಹಿಂದಿನ ಬ್ರೇಕು ಸಡಿಲ, ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ.

ಈಗ ಯೋಚನೆ ಮಾಡಿ. ಬೆಳಗಾವಿಯಿಂದ ಗೋವಾಕ್ಕೆ ಬರುವಾಗ ಗಾಡಿ ತುಂಬಿರುತ್ತದೆ, ಘಾಟ್ ಇಳಿಜಾರು. ಒಬ್ಬರು ಮೂರು ಸಲ ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿ ನನ್ನ ಹತ್ತಿರ ಬಂದಿದ್ದರು. ಘಾಟ್ ಇಳಿದು ಸಾಖಳಿ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತಿತ್ತಂತೆ. ಪ್ಯಾಡಿನ ಕಂಪನಿಯನ್ನು ಬೈದರು, ಬ್ರೇಕ್ ಎಣ್ಣೆಯನ್ನು ಬೈದರು. ನಾನು ಗಾಡಿ ಕೆಳಗೆ ಮಲಗಿ ನೋಡಿದರೆ ಹಿಂದೆ ಎರಡೂ ಕಡೆ ಹೆಚ್ಚಿನ ಪಟ್ಟಿ, ವಾಲ್ವಿನ ಕಡ್ಡಿ ಯಾರೂ ಮುಟ್ಟಿಲ್ಲ. ಬ್ರೇಕ್ ಕೆಟ್ಟದ್ದಕ್ಕೆ ಬೇರೆ ಕಾರಣಗಳೂ ಇರಬಹುದು, ಗಾಡಿ ನೋಡದೆ ಹೇಳಬಾರದು. ಆದರೆ ಆ ಗಾಡಿಯಲ್ಲಿ ಪಟ್ಟಿ ತೆಗೆದ ಮೇಲೆ ವಾಸನೆ ನಿಂತಿತು. ಪಟ್ಟಿ ಮುಟ್ಟಿದರೆ ಕಂಪನಿ ಅಳತೆಗೆ ವಾಲ್ವನ್ನೂ ಹೊಂದಿಸಬೇಕು. ಅಳತೆ ಗೊತ್ತಿಲ್ಲದವರು ಅದರ ನಟ್ಟನ್ನು ತಿರುಗಿಸಲೂಬಾರದು.

ಹಾಗಾದರೆ ಪಟ್ಟಿ ಕೆಲಸವೇ ಬೇಡವೇ ಎಂದರೆ, ಬೇಕು. ನನ್ನ ಹೊಟ್ಟೆಪಾಡು ಅದೇ. ಲೋಡ್ ನಿಯಮದೊಳಗೇ ಇದ್ದು, ದಿನಾ ಪೂರ್ತಿ ತುಂಬಿ ಓಡುವ ಗಾಡಿ ಕೂತಿದ್ದರೆ ಮೊದಲು ಹಳೆ ಪಟ್ಟಿ ಸೋತಿದೆಯೇ ನೋಡಬೇಕು. ಸಮತಟ್ಟಾದ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ ಗಾಲಿಯ ನಡುವಿನಿಂದ ಅದರ ಮೇಲಿರುವ ಬಾಡಿಯ ಅಂಚಿನವರೆಗೆ ಎರಡೂ ಕಡೆ ಟೇಪು ಹಿಡಿಯಿರಿ. ಸೋತಿದ್ದರೆ ಕಂಪನಿ ಸೆಟ್ಟೇ ಹೊಸದಾಗಿ ಹಾಕಿಸಿ, ಎರಡೂ ಕಡೆ ಒಟ್ಟಿಗೆ. ಅದರ ಮೇಲೂ ಬೇಕೆಂದರೆ ಹೆಲ್ಪರ್ ಪಟ್ಟಿ ಇದೆ. ಅದು ಖಾಲಿ ಇದ್ದಾಗ ತಾಗದೆ ಅಂತರ ಬಿಟ್ಟು ನಿಂತಿರುತ್ತದೆ, ಲೋಡ್ ಬಿದ್ದ ಮೇಲಷ್ಟೇ ಕೈಜೋಡಿಸುತ್ತದೆ. ಹೀಗಾಗಿ ಮಾಲು ಇಳಿಸಿ ವಾಪಸು ಘಾಟ್ ಹತ್ತುವಾಗ ಗಾಡಿ ಕುಣಿಯುವುದಿಲ್ಲ. ಬರೀ ದಪ್ಪ ಪಟ್ಟಿ ತುರುಕಿದ ಗಾಡಿ ಆಷಾಢದ ಮಳೆಯಲ್ಲಿ ಖಾಲಿ ಬರುವಾಗ ತಿರುವಿನಲ್ಲಿ ಹಿಂಭಾಗ ಜಿಗಿಯುತ್ತದೆ. ಆ ಅನುಭವ ಆದವರು ಎರಡನೇ ಸಲ ನನ್ನ ಜೊತೆ ವಾದ ಮಾಡುವುದಿಲ್ಲ.

ದಪ್ಪದ ಲೆಕ್ಕವೂ ಜನಕ್ಕೆ ತಿಳಿಯುವುದಿಲ್ಲ. 8 ಮಿಲಿಮೀಟರ್ ಬದಲು 10 ಹಾಕಿದರೆ ಕಾಲು ಪಾಲು ಗಡಸು ಅಂದುಕೊಳ್ಳುತ್ತಾರೆ. ಅಲ್ಲ, ಅಷ್ಟೇ ಉದ್ದ ಅಗಲದ ಪಟ್ಟಿಯಾದರೆ ಹೆಚ್ಚುಕಡಿಮೆ ಎರಡು ಪಟ್ಟು. ದಪ್ಪವನ್ನು ದಪ್ಪದಿಂದ ಗುಣಿಸಿ ಮತ್ತೊಮ್ಮೆ ಗುಣಿಸಬೇಕು. ಲಾರಿಯ ಪಟ್ಟಿಯನ್ನು ಪಿಕಪ್ಪಿಗೆ ಕಟ್ಟಿದರೆ ಅದು ಸ್ಪ್ರಿಂಗ್ ಆಗಿ ಉಳಿಯುವುದಿಲ್ಲ, ಕಬ್ಬಿಣದ ತೊಲೆ ಆಗುತ್ತದೆ. ರಸ್ತೆಯ ಏಟೆಲ್ಲ ಚಾಸಿಗೆ, ಪಟ್ಟಿ ಹಿಡಿದಿರುವ ಬ್ರಾಕೆಟ್ಟಿಗೆ. ಹಳೆ ಪಟ್ಟಿಯನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ ಕೊಡುವವರೂ ಇದ್ದಾರೆ. ಹಾಗೆ ಕಾಯಿಸಿ ಬಿಟ್ಟರೆ ಹದ ಹೋಯಿತು, ಕೆಲವೇ ದಿನಕ್ಕೆ ಮತ್ತೆ ಕೂತುಬಿಡುತ್ತದೆ. ಬೆಸುಗೆಯಂತೂ ಬೇಡವೇ ಬೇಡ.

ಮೀನಿನ ಗಾಡಿಯವರಿಗೆ ಒಂದು ಮಾತು. ಮಾಲಿಮ್ ಜೆಟ್ಟಿಯಿಂದ ತುಂಬಿಕೊಂಡು ಬರುವ ಗಾಡಿಗಳಲ್ಲಿ ಐಸು ಕರಗಿದ ಉಪ್ಪುನೀರು ನೇರ ಪಟ್ಟಿಯ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ತುಕ್ಕು ಹಿಡಿದು ಸಣ್ಣ ಗುಳಿ ಬೀಳುತ್ತದೆ, ಬಿರುಕು ಶುರುವಾಗುವುದೇ ಅಲ್ಲಿ. ದಿನಾ ಸಂಜೆ ಸಿಹಿನೀರಿನಿಂದ ಗಾಡಿಯ ಕೆಳಗೆ ತೊಳೆಯಿರಿ. ಮೇಲೆ ಹೂವಿನ ಹಾರ, ಕೆಳಗೆ ತುಕ್ಕಿನ ಹುಡಿ, ಇದೇ ನಾನು ದಿನಾ ನೋಡುವುದು.

ಆ ಹುಡುಗನ ಲಾರಿ ಪಟ್ಟಿಗಳನ್ನು ನಾನು ಹಾಕಲಿಲ್ಲ. ಮುನಿಸಿಕೊಂಡು ಅವನ್ನು ಇಲ್ಲೇ ಬಿಟ್ಟು ಹೋದ. ಪಟ್ಟಿಯ ಉಕ್ಕಿನ ಕತ್ತಿ ಚೆನ್ನಾಗಿ ಅಲಗು ಹಿಡಿಯುತ್ತದೆ, ನಮ್ಮ ಕಮ್ಮಾರ ಒಂದರಲ್ಲಿ ಎರಡು ತೆಂಗಿನ ಕತ್ತಿ ಮಾಡಿಕೊಟ್ಟ. ವಾರ ಬಿಟ್ಟು ಹುಡುಗನೇ ಬಂದ, ಹೊಸ ಕಂಪನಿ ಸೆಟ್ ಹಾಕಿಸಿಕೊಂಡ. ಪಟ್ಟಿಗಳನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟೂ ಹೊಸದೇ ಹಾಕಿದೆ, ಒಮ್ಮೆ ಬಿಗಿದು ಎಳೆದ ಹಳೆಯದನ್ನು ಮತ್ತೆ ಹಾಕಬಾರದು. ಐನೂರು ಕಿಲೋಮೀಟರ್ ಓಡಿದ ಮೇಲೆ ಬಂದು ಬಿಗಿ ಮಾಡಿಸಿಕೊಂಡು ಹೋಗು ಎಂದೆ. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂತಾಗ ಬೋಲ್ಟು ಸಡಿಲಾಗುತ್ತದೆ. ಆಗ ಪಟ್ಟಿಗಳು ಜರುಗಿ ನಡುವಿನ ಬೋಲ್ಟು ತುಂಡಾದರೆ ಆಕ್ಸಲ್ ಓರೆಯಾಗಿ ಗಾಡಿ ಏಡಿಯಂತೆ ಅಡ್ಡಡ್ಡ ಓಡುತ್ತದೆ.

ಬರಲಿಲ್ಲ. ಹದಿನೈದು ದಿನದ ಮೇಲೆ ಬೆಳಗಾವಿಯಿಂದ ಫೋನು. "ಕಾಕಾ, ಕೈಯಿಂದ ಅಲ್ಲಾಡಿಸಿ ನೋಡೀನ್ರಿ, ಗಟ್ಟಿ ಐತಿ. ಬರಾಕ ಬೇಕ ಏನ್ರಿ?"

"ಇಳಿಯೋ ಮುಂಚೆ ಅಲ್ಲೇ ಯಾರಾದರೂ ಟಾರ್ಕ್ ಪಾನಾ ಇರೋರ ಹತ್ತಿರ ಬಿಗಿ ಮಾಡಿಸು," ಎಂದೆ. "ಬಂದ ಮೇಲೆ ನಾನೂ ನೋಡ್ತೀನಿ. ಚೀಲ ಎಷ್ಟು?"

ಸ್ವಲ್ಪ ಹೊತ್ತು ಮಾತಿಲ್ಲ. "ಮೂವತ್ತಾರು, ಕಾಕಾ."

"ನಾಲ್ಕು ಇಳಿಸು."