ಸಿರಿಯಾದ ‘ಸತ್ತ ನಗರಗಳು’ ಸತ್ತದ್ದು ಯಾವಾಗ?

ಸಿರಿಯಾದ ವಾಯವ್ಯ ಭಾಗದಲ್ಲಿ, ಅಲೆಪ್ಪೊ ಮತ್ತು ಇದ್ಲಿಬ್ ಸುತ್ತಿನ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಸುಮಾರು 700 ಪಾಳುಬಿದ್ದ ಊರುಗಳಿವೆ. ಹೊರಗಿನವರು ಇವಕ್ಕೆ ‘ಸತ್ತ ನಗರಗಳು’ ಎಂದು ಹೆಸರಿಟ್ಟರು. ಆದರೆ ಇವು ನಗರಗಳೇ ಅಲ್ಲ, ಬಹುಪಾಲು ರೈತರ ಹಳ್ಳಿಗಳು. 2011ರಲ್ಲಿ ಸುಮಾರು 40 ಊರುಗಳನ್ನು 8 ಗುಂಪುಗಳಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊ ‘ಪ್ರಾಚೀನ ಹಳ್ಳಿಗಳು’ ಎಂದೇ ಕರೆಯಿತು. ‘ಸತ್ತ’ ಎಂಬ ಮಾತೂ ಅಷ್ಟೇನೂ ಗಟ್ಟಿಯಲ್ಲ.

ಇಲ್ಲಿನ ಗೋಡೆಗಳು 1,500 ವರ್ಷ ಕಳೆದರೂ ನಿಂತಿರುವುದಕ್ಕೆ ಕಾರಣ ಕಟ್ಟಿದ ರೀತಿ. ಅಲ್ಲೇ ಬಂಡೆಯಿಂದ ಕಡಿದು ತೆಗೆದ ದೊಡ್ಡ ಕಲ್ಲುಗಳನ್ನು ಚೌಕವಾಗಿ ಕೆತ್ತಿ, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಗಾರೆಯೇ ಇಲ್ಲದ ಮೇಲೆ ಮಳೆಗೆ ಅದು ಕರಗುವ ಮಾತಿಲ್ಲ. ಹೋದದ್ದು ಮರ: ತೊಲೆಗಳು ಕೊಳೆತು ಮಾಡಿನ ಹೆಂಚು ಒಳಗೆ ಕುಸಿದಿದೆ, ತೊಲೆ ಕೂರಿಸುತ್ತಿದ್ದ ಗುಂಡಿಗಳು ಮಾತ್ರ ಗೋಡೆಯಲ್ಲಿ ಸಾಲಾಗಿ ಉಳಿದಿವೆ. ಮನೆಗಳು ಸಾಮಾನ್ಯವಾಗಿ ಎರಡಂತಸ್ತಿನವು. ಕೆಳಗೆ ದನ, ಸಾಮಾನು; ಮೇಲೆ ಜನ; ಮುಂದೆ, ಬಹುಮಟ್ಟಿಗೆ ದಕ್ಷಿಣಕ್ಕೆ, ಕಂಬಸಾಲಿನ ಪಡಸಾಲೆ. ಕೆಳ ಅಂತಸ್ತಿನ ಕಲ್ಲಿನ ಗೋದಲಿಗಳು ಎಷ್ಟೋ ಕಡೆ ಇಂದಿಗೂ ಇದ್ದಲ್ಲೇ ಇವೆ.

ಕಾಲನಿರ್ಣಯಕ್ಕೆ ಬಾಗಿಲ ಮೇಲಿನ ಗ್ರೀಕ್ ಬರಹಗಳು ನೆರವಾಗುತ್ತವೆ. ಅವು ಬಳಸುವುದು ಆ ಸೀಮೆಯ ಮಹಾನಗರ ಆಂಟಿಯೋಕಿನ ಶಕೆ. ಅದರ ಮೊದಲ ವರ್ಷ ಕ್ರಿ.ಪೂ. 49ರ ಶರತ್ಕಾಲದಲ್ಲಿ ಶುರು. ಬರಹದಲ್ಲಿನ ವರ್ಷದಿಂದ 49 ಕಳೆಯಬೇಕು. ತಿಂಗಳು ಜನವರಿಯಿಂದ ಶರತ್ಕಾಲದ ನಡುವಿನದ್ದಾದರೆ 48. ಸೆರ್ಜಿಲ್ಲಾ ಹಳ್ಳಿಯ ಸ್ನಾನಗೃಹ 473ರದ್ದು ಎಂದು ಗೊತ್ತಾದದ್ದು ಅಲ್ಲಿನ ಬರಹದಿಂದಲೇ. ಆದರೆ ಈ ಅನುಕೂಲವೇ ಮುಂದೆ ದಾರಿ ತಪ್ಪಿಸಿತು. ಇಸವಿಯಿರುವ ಬರಹಗಳು 610ರ ಸುಮಾರಿಗೆ ನಿಲ್ಲುತ್ತವೆ. ಕೆತ್ತುವುದು ನಿಂತಿತು ಎಂದರೆ ಬದುಕೇ ನಿಂತಿತು ಎಂದು ವಿದ್ವಾಂಸರು ಓದಿಕೊಂಡರು.

1899ರಿಂದ ಇಲ್ಲಿ ಸಮೀಕ್ಷೆ ನಡೆಸಿದ ಅಮೆರಿಕದ ಹೊವಾರ್ಡ್ ಕ್ರಾಸ್ಬಿ ಬಟ್ಲರ್, ಊರುಗಳು ಬರಿದಾಗಲು ಜನ ಕಾಡು ಕಡಿದು ಮಣ್ಣು ಕೊಚ್ಚಿಹೋದದ್ದೇ ಕಾರಣವೆಂದರು. 1950ರ ದಶಕದಲ್ಲಿ ಸಂಶೋಧಕ ಜಾರ್ಜ್ ಚಲೆಂಕೊ ಕೊಟ್ಟ ವಿವರಣೆ ಇನ್ನೂ ಆಕರ್ಷಕವಾಗಿತ್ತು: ಇಡೀ ಗುಡ್ಡನಾಡು ಆಲಿವ್ ಎಣ್ಣೆಯೊಂದನ್ನೇ ನೆಚ್ಚಿತ್ತು, ಎಣ್ಣೆ ಸಮುದ್ರದಾಚೆಗೆ ಹೋಗುತ್ತಿತ್ತು, 7ನೇ ಶತಮಾನದ ಪರ್ಷಿಯನ್ ಮತ್ತು ಅರಬ್ ದಾಳಿಗಳಿಂದ ಆ ಮಾರುಕಟ್ಟೆ ಕಡಿದುಹೋಗಿ ಹಳ್ಳಿಗಳು ಬರಿದಾದವು. ಇದಕ್ಕೆ ದೊಡ್ಡ ಸಾಕ್ಷಿ ಊರೂರಿನಲ್ಲೂ ಸಿಗುವ ಒತ್ತುಯಂತ್ರಗಳು.

ಈ ಯಂತ್ರ ನಮ್ಮ ಎತ್ತಿನ ಗಾಣದಂತಲ್ಲ. ಇಲ್ಲಿ ಅರೆಯುವುದು ಬೇರೆ, ಹಿಂಡುವುದು ಬೇರೆ. ಮೊದಲು ಕಲ್ಲಿನ ಬಾನಿಯಲ್ಲಿ ಉರುಳುಗಲ್ಲಿನಿಂದ ಕಾಯಿಯನ್ನು ಜಜ್ಜಬೇಕು. ಆ ಮುದ್ದೆಯನ್ನು ಹೆಣೆದ ಬುಟ್ಟಿಗಳಿಗೆ ತುಂಬಿ, ತೋಡು ಕೊರೆದ ಚಪ್ಪಟೆ ಕಲ್ಲಿನ ಮೇಲೆ ಒಂದರ ಮೇಲೊಂದು ಪೇರಿಸಬೇಕು. ಅದರ ಮೇಲೆ ಹಾಯುವ ಉದ್ದನೆಯ ತೊಲೆಯ ಒಂದು ತುದಿ ಗೋಡೆಯ ಗೂಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ತುದಿಯನ್ನು ಭಾರದ ಕಲ್ಲಿಗೆ ನೆಟ್ಟ ಮರದ ತಿರುಪಿನಿಂದ ಕೆಳಕ್ಕೆಳೆಯುತ್ತಾರೆ. ಒಸರಿದ ರಸ ತೊಟ್ಟಿಗೆ ಇಳಿಯುತ್ತದೆ. ಎಣ್ಣೆ ನೀರಿನ ಮೇಲೆ ತೇಲಿದಾಗ ಮೊಗೆದು ತೆಗೆಯಬೇಕು.

ಇಂದು ಉಳಿದಿರುವುದು ಗೂಡು, ತೋಡಿನ ಕಲ್ಲು, ಭಾರದ ಕಲ್ಲು, ತೊಟ್ಟಿ. ತೊಡಕು ಇಲ್ಲೇ ಇದೆ: ದ್ರಾಕ್ಷಿ ಹಿಂಡುವ ಯಂತ್ರದ್ದೂ ಇದೇ ಗುರುತುಗಳು. ಬೇರ್ಪಡಿಸಲು ಎರಡು ಪ್ರಶ್ನೆ ಕೇಳಬೇಕು. ಕಾಯಿ ಅರೆಯುವ ಬಾನಿ ಇದೆಯೇ? ದ್ರಾಕ್ಷಿಯನ್ನು ಕಾಲಲ್ಲಿ ತುಳಿಯಲು ಅಗಲವಾದ ಕೆತ್ತಿದ ನೆಲವಿದೆಯೇ? ಈ ಪ್ರಶ್ನೆಗಳನ್ನು ಹಿಡಿದು ಮತ್ತೆ ನೋಡಿದಾಗ ‘ಎಣ್ಣೆಯದ್ದು’ ಎಂದುಕೊಂಡಿದ್ದ ಹಲವು ಯಂತ್ರಗಳು ದ್ರಾಕ್ಷಾರಸದ್ದು ಎಂಬ ವಾದ ಬಲವಾಯಿತು. ಒಂದೇ ಬೆಳೆಯ ಚಿತ್ರ ಅಲುಗಾಡಿದ್ದು ಹೀಗೆ.

ಹೆಚ್ಚು ಪೆಟ್ಟು ಕೊಟ್ಟದ್ದು ಗುದ್ದಲಿ. ಅಲ್ಲಿಯವರೆಗಿನ ವಾದಗಳೆಲ್ಲ ಹೆಚ್ಚಾಗಿ ನೆಲದ ಮೇಲೆ ಕಾಣುವ ಕಲ್ಲನ್ನು ನಂಬಿದ್ದವು. 1976ರಿಂದ 1978ರವರೆಗೆ ಫ್ರೆಂಚ್ ತಂಡ ದೆಹೆಸ್ ಎಂಬ ಹಳ್ಳಿಯಲ್ಲಿ ಅಗೆಯಿತು. ಚಲೆಂಕೊ ಸಂತೆಕಟ್ಟೆಯೆಂದು ಗುರುತಿಸಿದ್ದ ಕಟ್ಟಡಗಳು ಸಾಮಾನ್ಯ ರೈತರ ಮನೆಗಳಾಗಿದ್ದವು. ಮಡಕೆ, ನಾಣ್ಯಗಳು 610ಕ್ಕೆ ನಿಲ್ಲದೆ 8–9ನೇ ಶತಮಾನದವರೆಗೂ ಮುಂದುವರಿದವು. 46 ಹಳ್ಳಿಗಳ ಕೋಣೆಗಳನ್ನು ಲೆಕ್ಕಹಾಕಿದ ಪುರಾತತ್ವಜ್ಞ ಜಾರ್ಜ್ ತಾತ್, ಕಟ್ಟುವ ಭರಾಟೆ 550ರ ಹೊತ್ತಿಗೇ ತಗ್ಗಿತ್ತು ಎಂದರು. ಅಂದರೆ 7ನೇ ಶತಮಾನದ ದಾಳಿಗಳಿಗಿಂತ ಮೊದಲೇ ಬೆಳವಣಿಗೆ ನಿಂತಿತ್ತು. ದಾಳಿಗಳ ನಂತರವೂ ಜನ ಇದ್ದರು. 540ರಲ್ಲಿ ಪರ್ಷಿಯನ್ನರು ಆಂಟಿಯೋಕನ್ನು ಸುಲಿದದ್ದು, ಮರುವರ್ಷಗಳ ಪ್ಲೇಗು ಎಲ್ಲವೂ ಈ ಲೆಕ್ಕದಲ್ಲಿ ಸೇರುತ್ತವೆ. ಯಾವುದಾದರೂ ಒಂದನ್ನೇ ಹಿಡಿದು ಇದೇ ಕಾರಣ ಎನ್ನುವವರನ್ನು ನಂಬುವುದು ಕಷ್ಟ.

ಅಲ್-ಬಾರಾ ಇನ್ನೂ ಒಳ್ಳೆಯ ಉದಾಹರಣೆ. ಪಿರಮಿಡ್ ಆಕಾರದ ಕಲ್ಲುಮಾಡಿನ, ಒಳಗೆ ಕಲ್ಲಿನ ಶವಪೆಟ್ಟಿಗೆಗಳಿರುವ ಗೋರಿಗಳಿಗಾಗಿ ಹೆಸರಾದ ಊರು. ‘ಸತ್ತ ನಗರ’ಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿರುವ ಇದನ್ನು 1098ರಲ್ಲಿ ಕ್ರುಸೇಡ್ ಸೈನ್ಯ ಗೆದ್ದು ಅಲ್ಲಿಗೊಬ್ಬ ಬಿಷಪ್ಪನನ್ನು ನೇಮಿಸಿತು. ಹೆಣಕ್ಕೆ ಯಾರೂ ಬಿಷಪ್ಪನನ್ನು ನೇಮಿಸುವುದಿಲ್ಲ.

ಇಲ್ಲಿನ ಚರ್ಚುಗಳಲ್ಲಿ ದೊಡ್ಡದು ಕಲಾತ್ ಸಿಮಾನ್: 459ರಲ್ಲಿ ತೀರಿಕೊಂಡ ಕ್ರೈಸ್ತ ತಪಸ್ವಿ ಸಿಮಿಯೋನ್ ದಶಕಗಳ ಕಾಲ ನಿಂತಿದ್ದ ಕಂಬವನ್ನು ನಡುವೆ ಇಟ್ಟು, ಎಂಟುಮೂಲೆಯ ಅಂಗಣದ ಸುತ್ತ ನಾಲ್ಕು ಬಸಿಲಿಕಾ (ಕಂಬಸಾಲುಗಳ ಉದ್ದನೆಯ ಚರ್ಚು) ಕಟ್ಟಿದ್ದಾರೆ. 2016ರ ವಾಯುದಾಳಿಯಲ್ಲಿ ಅದಕ್ಕೆ ಪೆಟ್ಟಾಯಿತು. ಅದಕ್ಕೆ ಮೊದಲೇ, 2013ರಲ್ಲಿ, ಯುನೆಸ್ಕೊ ಈ ಊರುಗಳನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು.

ಅಂತರ್ಯುದ್ಧದಲ್ಲಿ ಊರು ಬಿಟ್ಟ ಸಿರಿಯನ್ನರು ಸೆರ್ಜಿಲ್ಲಾ, ಬಾಕಿರ್ಹಾ ಮೊದಲಾದ ಕಡೆ ಈ ಗೋಡೆಗಳ ನಡುವೆಯೇ ಬಿಡಾರ ಹೂಡಿದರು. ಕಟ್ಟಡಕ್ಕೆ ಕಲ್ಲು ಒಡೆದು ಒಯ್ಯುವುದು, ನಿಧಿಗಾಗಿ ನೆಲ ಅಗೆಯುವುದು ಪರಂಪರೆಗೆ ನಷ್ಟವೇ ಸರಿ. ಆದರೆ ಮೂರು ಕಡೆ ಗೋಡೆ ನಿಂತಿದ್ದರೆ, ತೊಲೆ ಇದ್ದ ಗುಂಡಿಗಳ ಮಟ್ಟದಲ್ಲಿ ಟಾರ್ಪಾಲು ಎಳೆದು ಕಟ್ಟಿದರೆ ಚಳಿಗಾಲ ಕಳೆಯಲು ಅದೂ ಒಂದು ಮನೆ.