ಕೈಗವಸು ಹಾಕಿರಲಿಲ್ಲ ಎಂದ ಮಾತ್ರಕ್ಕೆ ಪರಿಹಾರ ತಪ್ಪುವುದೇ?

ಪ್ರಶ್ನೆ: 2025ರ ಮಾರ್ಚ್‌ನಲ್ಲಿ ಕಟ್ಟಡದ ಕೆಲಸದಲ್ಲಿದ್ದಾಗ, ಕ್ರೇನ್ ಎತ್ತುತ್ತಿದ್ದ ಕಬ್ಬಿಣದ ತೊಲೆಗೂ ಸರಪಳಿಗೂ ನಡುವೆ ಸಿಕ್ಕಿ ನನ್ನ ತಮ್ಮನ ಬಲಗೈ ಹೆಬ್ಬೆರಳು ತುಂಡಾಯಿತು. ಅವನಿಗೆ ಆಗ 30 ವರ್ಷ. ತಿಂಗಳ ಸಂಬಳ 18,000 ರೂಪಾಯಿ. ಕೈಗವಸು ಹಾಕಿಕೊಳ್ಳದ್ದು ಅವನದೇ ತಪ್ಪು, ಹಾಗಾಗಿ ಏನೂ ಕೊಡಬೇಕಾಗಿಲ್ಲ ಎನ್ನುತ್ತಾರೆ ಗುತ್ತಿಗೆದಾರರು. ಇದು ಸರಿಯೇ?

ಉತ್ತರ: ಸರಿಯಲ್ಲ. ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದರೂ, ಅಪಘಾತ ಅದಕ್ಕೆ ಮೊದಲೇ ನಡೆದಿರುವುದರಿಂದ 1923ರ ನೌಕರರ ಪರಿಹಾರ ಕಾಯ್ದೆಯನ್ನೇ ನೋಡಬೇಕು. ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಗಾಯವಾಯಿತೇ ಎಂಬುದಷ್ಟೇ ಅದರ ಮೂಲ ಪ್ರಶ್ನೆ. ಮಾಲೀಕನ ತಪ್ಪನ್ನು ಕಾರ್ಮಿಕ ಸಾಬೀತುಪಡಿಸಬೇಕಾಗಿಲ್ಲ. ಕುಡಿದು ಕೆಲಸ ಮಾಡಿದ್ದು, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದು, ಒದಗಿಸಿದ ರಕ್ಷಣಾ ಸಾಧನವನ್ನು ಗೊತ್ತಿದ್ದೂ ಬೇಕೆಂದೇ ಕಡೆಗಣಿಸಿದ್ದು ಗಾಯಕ್ಕೆ ನೇರ ಕಾರಣವಾಗಿದ್ದರೆ ಮಾತ್ರ ಹೊಣೆ ತಪ್ಪುತ್ತದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಈ ವಿನಾಯಿತಿಗಳೂ ಇಲ್ಲ. ಇಲ್ಲಿ 'ಬೇಕೆಂದೇ' ಎಂಬ ಪದದ ಮೇಲೆಯೇ ಎಲ್ಲವೂ ನಿಂತಿದೆ. ಮರೆವು, ಅವಸರ, ಅಜಾಗರೂಕತೆ ಅದರಲ್ಲಿ ಸೇರುವುದಿಲ್ಲ. ಕೈಗವಸು ಕೊಟ್ಟಿದ್ದೆವು, ಧರಿಸಲೇಬೇಕೆಂದು ಹೇಳಿದ್ದೆವು ಎಂಬುದನ್ನು ಗುತ್ತಿಗೆದಾರರೇ ತೋರಿಸಬೇಕು. ಅಷ್ಟಕ್ಕೂ, ಭಾರ ಹೊತ್ತು ಬಿಗಿಯುವ ಸರಪಳಿಯಿಂದ ಬೆರಳನ್ನು ಕೈಗವಸು ಕಾಯುತ್ತಿತ್ತೇ ಎಂಬುದೇ ಅನುಮಾನ.

ಲೆಕ್ಕ ಹೀಗಿದೆ: 2020ರ ಜನವರಿಯ ಅಧಿಸೂಚನೆಯಂತೆ ಸಂಬಳವನ್ನು 15,000 ರೂಪಾಯಿಗೆ ಮಿತಿಗೊಳಿಸಿ, ಅದರ ಶೇ. 60 ಅಂದರೆ 9,000ವನ್ನು 30ನೇ ವಯಸ್ಸಿನ ಗುಣಕ 207.98ರಿಂದ ಗುಣಿಸಿದರೆ ಪೂರ್ಣ ಅಂಗವೈಕಲ್ಯದ ಮೊತ್ತ 18,71,820 ರೂಪಾಯಿ. ಹೆಬ್ಬೆರಳಿಗೆ ಕಾಯ್ದೆಯ ಅನುಸೂಚಿ ಶೇ. 30 ಎನ್ನುವುದರಿಂದ 5,61,546 ರೂಪಾಯಿ ಸಲ್ಲಬೇಕು. ಚಿಕಿತ್ಸೆಯ ನಿಜವಾದ ಖರ್ಚು ಬೇರೆ. ಇದು ಕೊನೆಯ ಮಾತಲ್ಲ. ಎಡಗೈಯನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ ಬಡಗಿಯೊಬ್ಬನು ಇನ್ನು ಬಡಗಿ ಕೆಲಸ ಮಾಡಲಾರನೆಂದು ಸುಪ್ರೀಂ ಕೋರ್ಟ್ 1975ರಲ್ಲೇ ಅದನ್ನು ಪೂರ್ಣ ಅಂಗವೈಕಲ್ಯವೆಂದು ಎತ್ತಿಹಿಡಿದಿತ್ತು. ನಿಮ್ಮ ತಮ್ಮನಿಗೆ ಹಿಡಿತವೇ ಹೋಗಿದ್ದರೆ ವೈದ್ಯರ ಪ್ರಮಾಣಪತ್ರದಲ್ಲಿ ಅದು ಸ್ಪಷ್ಟವಾಗಿ ಬರಲಿ.

ಗುತ್ತಿಗೆದಾರರು ಕೈಗೆ ಸಿಗದಿದ್ದರೆ, ಆ ಕಟ್ಟಡದ ಕೆಲಸವೇ ಯಾರ ವ್ಯಾಪಾರವೋ ಆ ಮೂಲ ಮಾಲೀಕರಿಂದಲೂ ಪರಿಹಾರ ಕೇಳಬಹುದು. ನಿಮ್ಮ ತಮ್ಮ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಮಾತ್ರ ದಾರಿ ಬೇರೆ, ಸೌಲಭ್ಯವನ್ನು ಆ ವಿಮಾ ನಿಗಮದಿಂದಲೇ ಪಡೆಯಬೇಕು. ಒಂದು ತಿಂಗಳೊಳಗೆ ಹಣ ಕೊಡದವರಿಗೆ ಶೇ. 12ರ ಬಡ್ಡಿ, ತಕ್ಕ ಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡವೂ ಬೀಳುತ್ತದೆ. ಅರ್ಜಿಗೆ ಎರಡು ವರ್ಷಗಳ ಗಡುವಿದೆ. ಅಷ್ಟರಲ್ಲಿ ಹತ್ತಿಪ್ಪತ್ತು ಸಾವಿರ ಕೈಗಿತ್ತು 'ಇನ್ನೇನೂ ಕೇಳುವುದಿಲ್ಲ' ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡಿದ್ದರೂ ಎದೆಗುಂದಬೇಡಿ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಂಥ ಕರಾರು ಇದೇ ಕಾಯ್ದೆಯ 17ನೇ ಕಲಮಿನಂತೆ ಅಸಿಂಧು.