ಬುಲೋನ್‌ನಲ್ಲಿ ಒಡೆದ ಲಕೋಟೆಗಳು

ಕರಿಮೆಣಸು ಮುಗೀತು, ಈಗ ಕೆಂಪು ಮೆಣಸು ಬಳಸ್ತಾ ಇದ್ದಾರೆ. ಆದರೆ ಕರಿಮೆಣಸಿನ ಖಾರ ಕೆಂಪಿಗಿಲ್ಲ. ಮೊದಲ ಮಹಾಯುದ್ಧದ ಹೊತ್ತು, 1915ರಲ್ಲಿ, ಗಾಯಗೊಂಡಿದ್ದ ಭಾರತದ ಸಿಪಾಯಿಯೊಬ್ಬ ಊರಿಗೆ ಬರೆದ ಕಾಗದದ ಸಾರ ಇದು. ಅಡುಗೆಮನೆ ಮಾತಲ್ಲ. ಕರಿಮೆಣಸು ಅಂದರೆ ನಮ್ಮವರು, ಕೆಂಪು ಅಂದರೆ ಬಿಳಿಯ ಸೈನಿಕರು. ಊರಿನವರಿಗೆ ಅರ್ಥವಾಗಬೇಕು, ನಡುವೆ ಓದುವವನಿಗೆ ಆಗಬಾರದು. ಆದರೆ ನಡುವೆ ಓದಿದವನಿಗೂ ಅರ್ಥವಾಯಿತು. ಅದಕ್ಕೇ ಆ ಕಾಗದದ ಮಾತು ಇವತ್ತು ನಮಗೆ ಸಿಕ್ಕಿದೆ.

1914ರ ಸೆಪ್ಟೆಂಬರ್ ಕೊನೆಗೆ ಬ್ರಿಟಿಷರ ಭಾರತೀಯ ಸೈನ್ಯದ ಲಾಹೋರ್ ಡಿವಿಜನ್ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿಯಿತು. ಹಿಂದೆಯೇ ಮೀರತ್ ಡಿವಿಜನ್ ಬಂತು. ಚಳಿಗಾಲ ಎದುರಿಗಿತ್ತು. ಅಕ್ಟೋಬರ್ ಮುಗಿಯುವ ಮೊದಲೇ ಅವರು ಬೆಲ್ಜಿಯಂನ ಈಪ್ರ್ ಹತ್ತಿರದ ಕಂದಕಗಳಲ್ಲಿದ್ದರು. ಭಾರತದಲ್ಲಿ ಕಡ್ಡಾಯ ಸೈನ್ಯಸೇವೆ ಇರಲಿಲ್ಲ. ಕಾಗದದ ಮೇಲೆ ಇವರೆಲ್ಲ ತಾವಾಗಿ ಸೇರಿದವರು, ಸಂಬಳ ತಿಂಗಳಿಗೆ 11 ರೂಪಾಯಿ. ಆದರೆ ಈ ‘ತಾವಾಗಿ’ ಅನ್ನೋ ಮಾತನ್ನು ಎಚ್ಚರದಿಂದ ಓದಬೇಕು. ತುಂಡು ಜಮೀನು, ಸಾಲ, ಅಪ್ಪನೂ ಅಜ್ಜನೂ ಇದ್ದ ಅದೇ ರೆಜಿಮೆಂಟು, ಇವೆಲ್ಲ ಸೇರಿ ತಳ್ಳಿದ್ದವು. ಯುದ್ಧ ಎಳೆದಂತೆಲ್ಲ ಪಂಜಾಬಿನಲ್ಲಿ ಬಲವಂತದ ಭರ್ತಿಯೂ ನಡೆಯಿತು.

ಹೆಚ್ಚಿನವರಿಗೆ ಓದುಬರಹ ಬರುತ್ತಿರಲಿಲ್ಲ. ಒಬ್ಬ ಹೇಳಬೇಕು, ಇನ್ನೊಬ್ಬ ಬರೆಯಬೇಕು. ಊರಿನಲ್ಲೂ ಯಾರೋ ಬಲ್ಲವರು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಬೇಕು. ಹೆಂಡತಿಗೆ ಬರೆದದ್ದು ಹೆಂಡತಿಗೆ ಮಾತ್ರ ಅಂತ ಇರಲೇ ಇಲ್ಲ, ಅಲ್ವಾ? ಅದರ ಮೇಲೆ ಸೆನ್ಸಾರ್. ಹೊರದೇಶದಲ್ಲಿದ್ದ ಭಾರತೀಯರು ಬ್ರಿಟಿಷರ ವಿರುದ್ಧ ಕಟ್ಟಿದ್ದ ಗದರ್ ಚಳವಳಿಯ ಬರಹಗಳು ಸಿಪಾಯಿಗಳ ಕೈಗೆ ಸೇರುತ್ತವೆ ಎಂಬ ಹೆದರಿಕೆ ಸರ್ಕಾರಕ್ಕಿತ್ತು. ಐಸಿಎಸ್, ಅಂದರೆ ಭಾರತದ ಬ್ರಿಟಿಷ್ ಆಡಳಿತ ಸೇವೆಯ ಅಧಿಕಾರಿ ಹೋವೆಲ್ ಎಂಬಾತನನ್ನು ಭಾರತೀಯ ಅಂಚೆಯ ಸೆನ್ಸಾರ್ ಮುಖ್ಯಸ್ಥನಾಗಿ ಮಾಡಿದರು. ಫ್ರಾನ್ಸಿನ ಬುಲೋನ್‌ನಲ್ಲಿ ಅವನ ಚಿಕ್ಕ ಕಚೇರಿ. 1915ರ ಮೊದಲ ತಿಂಗಳುಗಳಲ್ಲಿ ವಾರಕ್ಕೆ 10,000ದಿಂದ 20,000 ಕಾಗದ ಹೋಗುತ್ತಿದ್ದವು. ಎಲ್ಲವನ್ನೂ ಓದೋಕೆ ಆಗುತ್ತಿರಲಿಲ್ಲ. ಉರ್ದು, ಗುರ್ಮುಖಿ, ಹಿಂದಿ, ಮರಾಠಿ ಕಾಗದಗಳಿಂದ ಕೆಲವನ್ನು ಆರಿಸಿ, ಇಂಗ್ಲಿಷಿಗೆ ಮಾಡಿ, ವಾರದ ವರದಿಗೆ ಸೇರಿಸುತ್ತಿದ್ದರು. ತಡೆದದ್ದು ಕಡಿಮೆ. ಸಿಪಾಯಿಯ ಮನಸ್ಸು ಹೇಗಿದೆ ಎಂದು ತಿಳಿಯುವುದೇ ಅವರಿಗೆ ಮುಖ್ಯವಾಗಿತ್ತು. ಕಾಗದಗಳಲ್ಲಿ ಕವಿತೆ ಜಾಸ್ತಿಯಾದಾಗ ಹೋವೆಲ್‌ಗೆ ಆತಂಕವಾಯಿತು. ಮನಸ್ಸು ಕದಡಿದ ಗುರುತು ಅದು ಎಂದು ಅವನು ವರದಿಯಲ್ಲಿ ಬರೆದ. ಅವನು ಆ ಜನರನ್ನು ಸರಿಯಾಗಿಯೇ ಓದಿದ್ದ ಅಂತ ನನಗನ್ನಿಸುತ್ತದೆ.

ಎಲ್ಲ ಕಾಗದಗಳೂ ಅಳುವಲ್ಲ. ಮೈಮರೆತು ಫ್ರಾನ್ಸಿನ ಹೊಲ, ದನ, ಮನೆಗಳ ಬಗ್ಗೆ ಬರೆದವರಿದ್ದಾರೆ. ತಾನು ಉಳಿದುಕೊಂಡಿದ್ದ ಮನೆಯ ಮುದುಕಿ ಮಗನ ಹಾಗೆ ನೋಡಿಕೊಂಡಳು, ಹೊರಟಾಗ ಅತ್ತಳು ಎಂದು ಒಬ್ಬ ಬರೆದ. ಇಲ್ಲಿನ ಹೆಂಗಸರು ಓದಿದ್ದಾರೆ, ನಮ್ಮ ಹೆಣ್ಣುಮಕ್ಕಳನ್ನೂ ಓದಿಸಿ ಎಂದು ಬರೆದವರೂ ಇದ್ದರು. ದೊಡ್ಡ ದೂರು ಒಂದೇ: ಗಾಯ ವಾಸಿಯಾದವರನ್ನು ಊರಿಗೆ ಕಳಿಸದೆ ಮತ್ತೆ ಕಂದಕಕ್ಕೇ ಕಳಿಸುತ್ತಿದ್ದರು. ಇದು ಯುದ್ಧವಲ್ಲ, ಪ್ರಪಂಚವೇ ಮುಗೀತಿದೆ ಅಂತ ಇಂಗ್ಲೆಂಡಿನ ಆಸ್ಪತ್ರೆಯಿಂದ ಒಬ್ಬ ಬರೆದದ್ದು ಇಂಥ ದಿನಗಳಲ್ಲೇ. 1915ರ ಮಾರ್ಚ್‌ನಲ್ಲಿ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ದೊಡ್ಡ ಕಾಳಗ ನಡೆಯಿತು. ಈಗ ಅಲ್ಲಿರುವ ಸ್ಮಾರಕದಲ್ಲಿ, ಫ್ರಾನ್ಸ್, ಬೆಲ್ಜಿಯಂಗಳ ಇಡೀ ಪಶ್ಚಿಮ ರಣರಂಗದಲ್ಲಿ ಸತ್ತು ಗೋರಿಯೂ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ.

ನಮ್ಮ ಕಡೆಯವರು ಈ ಕಾಗದಗಳಲ್ಲಿ ಸಿಗೋದಿಲ್ಲ. ಬ್ರಿಟಿಷರು ಹೆಚ್ಚಾಗಿ ಪಂಜಾಬು ಮತ್ತು ಗಡಿ ಪ್ರಾಂತ್ಯದಿಂದ ಸೈನಿಕರನ್ನು ಸೇರಿಸಿಕೊಂಡಿದ್ದರು. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಹೋದದ್ದು ಈಜಿಪ್ಟಿಗೆ, ಅಲ್ಲಿಂದ ಪ್ಯಾಲೆಸ್ಟೈನಿಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದವರಲ್ಲಿ ಅವರೂ ಇದ್ದರು. ಬುಲೋನ್‌ನ ಮೇಜು ಅವರ ದಾರಿಯಲ್ಲಿರಲಿಲ್ಲ.

ಸಿಪಾಯಿ ಹೇಳಿ ಬರೆಸಿದ ಮೂಲ ಕಾಗದಗಳು ಬಹುಪಾಲು ಕಳೆದುಹೋಗಿವೆ. ಉಳಿದದ್ದು ಸೆನ್ಸಾರ್ ಕಚೇರಿಯ ಇಂಗ್ಲಿಷ್ ತುಣುಕುಗಳು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅದರಲ್ಲಿ 1915ರ ಮೇ ತಿಂಗಳ ಒಂದು ಕಾಗದವಿದೆ. ದೇವರಾಣೆಗೂ ಬರಬೇಡ, ತಮ್ಮನಿಗೂ ಸೈನ್ಯಕ್ಕೆ ಸೇರಬೇಡ ಅನ್ನು ಎಂದು ಒಬ್ಬ ಹವಾಲ್ದಾರ ಬೇಡಿಕೊಳ್ಳುತ್ತಾನೆ. ಇಲ್ಲಿವರೆಗೆ ಬದುಕಿದವರು, ಪಾತ್ರೆಯಲ್ಲಿ ಬೇಯದೆ ಉಳಿದ ನಾಲ್ಕು ಕಾಳುಗಳ ಹಾಗೆ ಅನ್ನುತ್ತಾನೆ. ಹಗಲೂ ರಾತ್ರಿ ಗುಂಡು ಸುರಿಯುತ್ತಿವೆ, ಮಳೆ ಸುರಿದಂತೆ. ಯಾವ ಮಳೆ? ಅನುವಾದ ಮಾಡಿದವನು ಅದೊಂದು ಪದವನ್ನು ಇಂಗ್ಲಿಷಿಗೆ ತರದೆ ಹಾಗೇ ಬಿಟ್ಟಿದ್ದಾನೆ: ಸಾವನ್. ನಮ್ಮ ಶ್ರಾವಣ.